ಎಲ್ಗಿನ್ ಟಾಕೀಸಿನ ಎಲ್ಗಿನ್ ಯಾರು? ಅಜ್ಜ, ಮಗ, ಮೊಮ್ಮಗ ಮತ್ತು ಒಂದು ಮನೆಯ ಸಾಲ

ಹಳೇಪೇಟೆ ಹುಡುಗ

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಶಿವಾಜಿನಗರದ ಎಲ್ಗಿನ್ ಟಾಕೀಸಿನ ಮಾತು ಬಂತು. ಒಬ್ಬರು, ಅಥೆನ್ಸಿನಿಂದ ಶಿಲ್ಪ ಹೊತ್ತುಕೊಂಡು ಹೋದನಲ್ಲ ಅದೇ ಎಲ್ಗಿನ್ ಅಂದರು. ಇನ್ನೊಬ್ಬರು, ಅಲ್ಲ, ಧರ್ಮಶಾಲಾದಲ್ಲಿ ಸಮಾಧಿ ಇದೆಯಲ್ಲ ಅವನು ಅಂದರು. ಎರಡೂ ಅಲ್ಲ. ಶಿಲ್ಪದವನು ಅಜ್ಜ. ಸಮಾಧಿಯವನು ಮಗ. ಟಾಕೀಸು ಶುರುವಾದ ಕಾಲಕ್ಕೆ ವೈಸರಾಯ್ ಆಗಿದ್ದವನು ಮೊಮ್ಮಗ. ಕ್ರಮವಾಗಿ 7, 8 ಮತ್ತು 9ನೇ ಅರ್ಲ್ ಆಫ್ ಎಲ್ಗಿನ್ (ಅರ್ಲ್ ಅಂದರೆ ವಂಶಪಾರಂಪರ್ಯವಾಗಿ ಬರುವ ಒಂದು ಬ್ರಿಟಿಷ್ ಪದವಿ). ಸ್ಕಾಟ್ಲೆಂಡಿನ ಬ್ರೂಸ್ ಮನೆತನದವರು, ರಾಬರ್ಟ್ ದ ಬ್ರೂಸ್ ರಾಜನ ಕುಲದವರು ಅಂತ ಹೇಳಿಕೊಳ್ಳುವವರು.

ಅಲ್ಲಿ ಬರೆಯೋಣ ಅಂದುಕೊಂಡೆ, ಉದ್ದ ಆಗುತ್ತೆ ಅಂತ ಇಲ್ಲಿ ಬೇರೆ ಶುರು ಮಾಡಿದ್ದೀನಿ. ನನ್ನ ವಾದ ಇಷ್ಟೇ. ಎಲ್ಲರೂ ಶಿಲ್ಪದ ಜಗಳ ಮಾತ್ರ ಮಾತಾಡುತ್ತಾರೆ. ಈ ಮನೆತನ ಅರ್ಥ ಆಗಬೇಕಾದರೆ ಸಾಲದ ಲೆಕ್ಕ ನೋಡಬೇಕು. ಅಜ್ಜ ಮಾಡಿದ ಸಾಲಕ್ಕೆ ಮಗ ಜಮೈಕಾ, ಕೆನಡಾ, ಚೀನಾ, ಇಂಡಿಯಾ ಅಂತ ಸಂಬಳ ಹುಡುಕಿಕೊಂಡು ಊರೂರು ಸುತ್ತಿದ.

ಶುರುವಿನಿಂದ ಹೇಳ್ತೀನಿ. ಥಾಮಸ್ ಬ್ರೂಸ್ ಹುಟ್ಟಿದ್ದು 1766ರ ಜುಲೈ 20. ಎರಡನೇ ಮಗ, ಹಾಗಾಗಿ ಪದವಿ ಸಿಗುವ ಲೆಕ್ಕ ಇರಲಿಲ್ಲ. 1771ರಲ್ಲಿ ಅಪ್ಪ ತೀರಿಕೊಂಡ. ಅಣ್ಣ 6ನೇ ಅರ್ಲ್ ಆದ, ಅದೇ ವರ್ಷ ಅವನೂ ತೀರಿಕೊಂಡ. ಐದು ವರ್ಷ ತುಂಬುವ ಹೊತ್ತಿಗೆ ಈ ಹುಡುಗ ಅರ್ಲ್! ಅಮ್ಮ ಮಾರ್ಥಾ ಗಟ್ಟಿ ಹೆಂಗಸು, ಮುಂದೆ ಬ್ರಿಟನ್ನಿನ ರಾಜಕುಮಾರಿ ಷಾರ್ಲಟ್‌ಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅವಳನ್ನೇ ಕರೆದಿದ್ದರು. ಹುಡುಗ ಹ್ಯಾರೋ, ವೆಸ್ಟ್‌ಮಿನ್‌ಸ್ಟರ್, ಸೇಂಟ್ ಆಂಡ್ರೂಸ್, ಪ್ಯಾರಿಸ್ ಎಲ್ಲ ಕಡೆ ಓದಿದ. ಸೈನ್ಯ ಸೇರಿದ. ಆಮೇಲೆ ಬ್ರಸೆಲ್ಸ್, ಬರ್ಲಿನ್‌ಗಳಲ್ಲಿ ರಾಯಭಾರಿ ಕೆಲಸ.

ಅಷ್ಟರಲ್ಲಿ ಮನೆ ಕಟ್ಟುವ ಹುಚ್ಚು ಹತ್ತಿತು. ಫೈಫ್ ಸೀಮೆಯಲ್ಲಿ, ಫೋರ್ತ್ ನದಿಯ ಅಳಿವೆಯ ಕಡೆ ಮುಖ ಮಾಡಿಕೊಂಡು, ಬ್ರೂಮ್‌ಹಾಲ್ ಅನ್ನುವ ಬಂಗಲೆ. 1796ರಲ್ಲಿ ಥಾಮಸ್ ಹ್ಯಾರಿಸನ್ ಅನ್ನುವ ವಾಸ್ತುಶಿಲ್ಪಿಯನ್ನು ಹಿಡಿದು ಗ್ರೀಕ್ ಶೈಲಿಯಲ್ಲಿ ಕಟ್ಟಿಸತೊಡಗಿದ. ಕೈಯಲ್ಲಿ ದುಡ್ಡಿಲ್ಲ, ಮನೆ ಮಾತ್ರ ಏಳುತ್ತಿದೆ. ಈಗ ಬೇಕಾಗಿದ್ದದ್ದು ಹಣವಂತರ ಮನೆಯ ಹೆಣ್ಣು.

ಕಾಲು ಕಾಫಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇವನು ಎರಡನ್ನೂ ಒಟ್ಟಿಗೆ ಮಾಡಿದನಾ 😄 ಮುಂದೆ ಹೇಳಿ ಗುರುಗಳೇ.

ಹಳೇಪೇಟೆ ಹುಡುಗ

ಮದುವೆ ಆಗಿದ್ದು 1799ರ ಮಾರ್ಚಿನಲ್ಲಿ. ಹುಡುಗಿ ಮೇರಿ ನಿಸ್ಬೆಟ್, ಇಪ್ಪತ್ತೊಂದರ ಆಸುಪಾಸು, ಡರ್ಲ್ಟನ್ ಜಮೀನಿನ ಒಬ್ಬಳೇ ಮಗಳು. ಇಡೀ ಆಸ್ತಿ ಅವಳಿಗೇ. ಅದೇ ವರ್ಷ ಎಲ್ಗಿನ್ ತುರ್ಕಿಯ ಸುಲ್ತಾನನ ಆಸ್ಥಾನಕ್ಕೆ ಬ್ರಿಟಿಷ್ ರಾಯಭಾರಿಯಾಗಿ ಹೊರಟ. (ನಮ್ಮ ಶ್ರೀರಂಗಪಟ್ಟಣ ಬಿದ್ದದ್ದೂ ಅದೇ ವರ್ಷದ ಮೇ ತಿಂಗಳಲ್ಲಿ, ಕೋಟೆಗೆ ನುಗ್ಗಿದ ಪಡೆಯ ಮುಂದೆ ಇದ್ದವನೂ ಸ್ಕಾಟ್ಲೆಂಡಿನವನೇ, ಡೇವಿಡ್ ಬೇರ್ಡ್.) ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿದಾಗ ಮೇರಿ ಬಸುರಿ. ಮೊದಲ ಮಗ ಜಾರ್ಜ್ 1800ರ ಏಪ್ರಿಲ್‌ನಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದ.

ಹೊರಡುವ ಮುಂಚೆ ಹ್ಯಾರಿಸನ್ ತಲೆಗೆ ಒಂದು ಹುಳ ಬಿಟ್ಟಿದ್ದ. ಅಥೆನ್ಸಿನ ಗುಡಿಗಳ ಶಿಲ್ಪಕ್ಕೆ ಅಚ್ಚು ತೆಗೆಸಿಕೊಂಡು ಬನ್ನಿ, ಚಿತ್ರ ಬರೆಸಿಕೊಂಡು ಬನ್ನಿ, ಬರೀ ಪುಸ್ತಕದ ಚಿತ್ರ ನೋಡಿ ಪ್ರಯೋಜನ ಇಲ್ಲ ಅಂತ. ಎಲ್ಗಿನ್ ಸರ್ಕಾರವನ್ನು ಕೇಳಿದ, ಖರ್ಚು ಕೊಡಿ ಅಂತ. ಇಲ್ಲ ಅಂದರು. ಚಿತ್ರಕಾರ ಟರ್ನರ್‌ನನ್ನು ಕೇಳಿದ. ಆಗಿನ್ನೂ ಇಪ್ಪತ್ತನಾಲ್ಕರ ಹುಡುಗ. ಬರೆದ ಚಿತ್ರ ಎಲ್ಲ ನನಗೇ ಸೇರಬೇಕು, ಬಿಡುವಾದಾಗ ನನ್ನ ಹೆಂಡತಿಗೆ ಚಿತ್ರ ಬಿಡಿಸೋದನ್ನೂ ಕಲಿಸಬೇಕು ಅನ್ನೋದು ಎಲ್ಗಿನ್ ಷರತ್ತು. ಟರ್ನರ್ ಕೇಳಿದ ಸಂಬಳ ಇವನಿಗೆ ಹಿಡಿಸಲಿಲ್ಲ. ಕೊನೆಗೆ ಇಟಲಿಯ ಲೂಸಿಯೆರಿ ಅನ್ನುವ ಚಿತ್ರಕಾರ ಸಿಕ್ಕ.

ಅಂದರೆ ಕೆಲಸ ಶುರುವಾಗಿದ್ದು ಅಚ್ಚು, ಚಿತ್ರ ಅಂತಲೇ. ಕೀಳುವುದು ಆಮೇಲೆ ಬಂತು.

ನಿವೃತ್ತ ಮೇಷ್ಟ್ರು

ಆಮೇಲೆ ಬಂತು ಅಂತ ಅಷ್ಟು ಹಗುರಾಗಿ ದಾಟಿಬಿಟ್ಟರೆ ಹೇಗೆ ಸ್ವಾಮಿ? ಅಚ್ಚು ತೆಗೆಯೋಕೆ ಹೋದವನು ಪಾರ್ಥೆನಾನ್ ಗುಡಿಯ ಉಬ್ಬುಶಿಲ್ಪದ ಪಟ್ಟಿಯಲ್ಲಿ ಸುಮಾರು 75 ಮೀಟರ್ ಎತ್ತಿಕೊಂಡ. ಇಡೀ ಪಟ್ಟಿ ಇದ್ದದ್ದು ಸುಮಾರು 160 ಮೀಟರ್. ಅದರ ಜೊತೆಗೆ 15 ಚೌಕ ಫಲಕ, ಮುಂಗೋಪುರದ ತ್ರಿಕೋನಗಳಲ್ಲಿದ್ದ 17 ವಿಗ್ರಹ. ಕಲ್ಲು ಭಾರ ಅಂತ ಪಟ್ಟಿಯ ಹಿಂಬದಿಯನ್ನು ಗರಗಸದಲ್ಲಿ ಕೊಯ್ಸಿದರು. ಪಕ್ಕದ ಎರೆಕ್ಥಿಯಾನ್ ಗುಡಿಯಲ್ಲಿ ಆರು ಹೆಣ್ಣುಗಳು ತಲೆಯ ಮೇಲೆ ಚಾವಣಿ ಹೊತ್ತು ನಿಂತಿದ್ದಾರೆ, ಅದರಲ್ಲಿ ಒಬ್ಬಳನ್ನು ತೆಗೆದು ಆ ಜಾಗದಲ್ಲಿ ಇಟ್ಟಿಗೆ ಕಂಬ ನಿಲ್ಲಿಸಿದರು. ಇಟ್ಟಿಗೆ ಕಂಬ! ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರೋದು ಅದಕ್ಕೆ.

ಅನುಮತಿ ಇತ್ತು ಅನ್ನುತ್ತಾರೆ. 1801ರ ಆ ಪತ್ರದ ತುರ್ಕಿ ಮೂಲ ಯಾರ ಕೈಗೂ ಸಿಕ್ಕಿಲ್ಲ, ಇಟಾಲಿಯನ್ ಪ್ರತಿ ಮಾತ್ರ ಇದೆ. ಗ್ರೀಕರನ್ನಂತೂ ಯಾರೂ ಕೇಳಲಿಲ್ಲ. ತುರ್ಕರಿಗೆ ಆಗ ಈಜಿಪ್ಟಿನಲ್ಲಿ ನೆಪೋಲಿಯನ್ನನ ಪಡೆಯನ್ನು ಓಡಿಸೋಕೆ ಬ್ರಿಟಿಷರ ನೆರವು ಬೇಕಿತ್ತು. ಆ ಸಮಯ ನೋಡಿಕೊಂಡು ರಾಯಭಾರಿ ತನ್ನ ಸ್ವಂತ ಕೆಲಸ ಸಾಧಿಸಿಕೊಂಡ. ಸರ್ಕಾರಿ ಕುರ್ಚಿಯಲ್ಲಿ ಕೂತು ಸ್ವಂತ ಮನೆಗೆ ಸಾಮಾನು ಸಾಗಿಸೋದಕ್ಕೆ ನಮ್ಮ ಕಡೆ ಏನಂತಾರೆ ನಿಮಗೆ ಗೊತ್ತಿದೆ.

ಹಳೇಪೇಟೆ ಹುಡುಗ

ಮೇಷ್ಟ್ರೇ, ನಾನು ಅವನ ಪರ ವಕಾಲತ್ತು ಹಾಕ್ತಿಲ್ಲ. ಕಳ್ಳತನವೋ ಅಲ್ಲವೋ ಅನ್ನೋ ಜಗಳ ಇನ್ನೂರು ವರ್ಷದಿಂದ ನಡೀತಾ ಇದೆ, ನಡೀಲಿ. ನಾನು ಹೇಳ್ತಿರೋದು ಆ ಸಾಮಾನು ಸಾಗಿಸೋ ಖರ್ಚಿನ ಬಗ್ಗೆ.

1802ರ ಸೆಪ್ಟೆಂಬರ್‌ನಲ್ಲಿ ಎಲ್ಗಿನ್‌ನ ಸ್ವಂತ ಹಡಗು ಮೆಂಟರ್ ಪೆಟ್ಟಿಗೆಗಳ ಸಮೇತ ಕಿಥೆರಾ ದ್ವೀಪದ ಹತ್ತಿರ ಮುಳುಗಿತು. ಹಡಗಿನಲ್ಲಿ ಇದ್ದವರು ಬದುಕಿದರು, ಶಿಲ್ಪ ತಳಕ್ಕೆ ಹೋಯಿತು. ಅವನ ಕಾರ್ಯದರ್ಶಿ ಹ್ಯಾಮಿಲ್ಟನ್, ಸಮುದ್ರದಲ್ಲಿ ಸ್ಪಂಜು ತೆಗೆಯುವ ಗ್ರೀಕ್ ಮುಳುಗುಗಾರರನ್ನು ಕರೆಸಿದ. ಉಸಿರು ಬಿಗಿಹಿಡಿದು ಕೆಳಗೆ ಹೋಗಬೇಕು, ಡೆಕ್ಕಿನ ಹಲಗೆ ಕಡಿಯಬೇಕು, ಪೆಟ್ಟಿಗೆಗೆ ಹಗ್ಗ ಕಟ್ಟಬೇಕು, ಮತ್ತೆ ಮೇಲೆ ಬರಬೇಕು. ಎಲ್ಲ ಮೇಲೆತ್ತೋಕೆ ಎರಡು ವರ್ಷ ಹಿಡಿಯಿತು. ಇದರ ಖರ್ಚು ಎಲ್ಲ ಯಾರ ತಲೆಗೆ? ಎಲ್ಗಿನ್ ತಲೆಗೆ. ಅಂದರೆ ಮಾವನ ಮನೆಯ ಸಾಲದ ತಲೆಗೆ.

ನೌಕಾಪಡೆಯ ಕ್ಯಾಪ್ಟನ್‌ಗಳನ್ನು ಮಾತಾಡಿಸಿ ಒಪ್ಪಿಸಿ, ದುಡ್ಡಿಲ್ಲದೆ ಪೆಟ್ಟಿಗೆ ಹಡಗಿಗೆ ಏರಿಸಿದ್ದು ಯಾರು ಗೊತ್ತಾ? ಮೇರಿ. ಗಂಡ ಊರಲ್ಲಿ ಇಲ್ಲದಾಗ ತಾನೇ ಅಥೆನ್ಸಿನಲ್ಲಿ ನಿಂತು ಮಾಡಿಸಿದಳು. ಆಗಲೂ ಬಸುರಿ. 1800ರಿಂದ 1806ರ ಒಳಗೆ ಐದು ಹೆರಿಗೆ.

ಎಡಿನ್‌ಬರೋ ಕನ್ನಡತಿ

ನಾನು ಇರೋದು ಇಲ್ಲೇ ಹತ್ತಿರ, ಅದಕ್ಕೇ ಬಾಯಿ ಹಾಕ್ತೀನಿ. ಬ್ರೂಮ್‌ಹಾಲ್ ಖಾಸಗಿ ಮನೆ, ಮನೆತನದವರದ್ದೇ. ರಾಬರ್ಟ್ ದ ಬ್ರೂಸ್‌ನದು ಅಂತ ನಂಬುವ ಕತ್ತಿ ಅಲ್ಲಿದೆ. ಸುಮ್ನೆ ಹೋಗಿ ನೋಡೋಕೆ ಆಗಲ್ಲ. ಆದರೆ ಲೈಮ್‌ಕಿಲ್ನ್ಸ್ ಊರಿನಿಂದ ಚಾರ್ಲ್ಸ್‌ಟೌನ್‌ಗೆ ಕರಾವಳಿ ದಾರಿಯಲ್ಲಿ ನಡೆದರೆ ಇವರ ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ಕಣ್ಣಾರೆ ಕಾಣುತ್ತೆ. ಬಂದರಿನ ಪಕ್ಕ ಗುಡ್ಡ ಕೊರೆದು ಕಟ್ಟಿದ ಸುಣ್ಣದ ಗೂಡುಗಳು ಸಾಲಾಗಿ ನಿಂತಿವೆ, ಎತ್ತರದ ಕಲ್ಲಿನ ಕಮಾನುಗಳು, ಒಳಗೆ ಕತ್ತಲು, ಮೇಲೆ ಗಿಡ ಬೆಳೆದಿದೆ. ಮೇಲುಗಡೆಯಿಂದ ಸುಣ್ಣಕಲ್ಲು, ಕಲ್ಲಿದ್ದಲು ಸುರಿಯೋದು, ಕೆಳಗೆ ಸುಟ್ಟ ಸುಣ್ಣ ಬಾಚಿ ಸೀದಾ ಹಡಗಿಗೆ ತುಂಬೋದು. ಊರು ಕಟ್ಟಿಸಿದ್ದು ನಮ್ಮ ಶಿಲ್ಪದ ಎಲ್ಗಿನ್ ಅಪ್ಪ ಚಾರ್ಲ್ಸ್, 5ನೇ ಅರ್ಲ್. ಊರಿನ ಹೆಸರೂ ಅವನದೇ. ಅಪ್ಪ ಸುಣ್ಣ ಸುಟ್ಟು ಗಳಿಸಿದ, ಮಗ ಅಮೃತಶಿಲೆಗೆ ಕಳೆದ.

ಮೇರಿಯ ತವರು ಆರ್ಚರ್‌ಫೀಲ್ಡ್, ಫೋರ್ತ್‌ನ ಆಚೆ ದಡ. ಈಗ ಅಲ್ಲಿ ಗಾಲ್ಫ್ ಆಡ್ತಾರೆ.

ಲಸಿಕೆ ಡಾಕ್ಟ್ರು

ಯಾರೂ ಹೇಳದ ಒಂದು ವಿಷಯ ಇದೆ, ನಮಗೂ ಸಂಬಂಧ ಇರೋದು. ಈ ಎಲ್ಗಿನ್ ದಂಪತಿ ಇಲ್ಲದಿದ್ದರೆ ಸಿಡುಬಿನ ಲಸಿಕೆ ಭಾರತಕ್ಕೆ ಬರೋದು ಇನ್ನಷ್ಟು ತಡ ಆಗ್ತಿತ್ತೇನೋ.

ಜೆನ್ನರ್ ಲಸಿಕೆಯ ವಿಷಯ ಬರೆದದ್ದು 1798ರಲ್ಲಿ. 1800ರಲ್ಲಿ ವಿಯೆನ್ನಾದ ಡಾ. ಡಿ ಕಾರೋ ಕಾನ್‌ಸ್ಟಾಂಟಿನೋಪಲ್‌ಗೆ ಲಸಿಕೆ ಕಳಿಸಿದ. ಎಲ್ಗಿನ್ ದಂಪತಿ ತಮ್ಮ ಹಸುಗೂಸು ಜಾರ್ಜ್‌ಗೇ ಅದನ್ನು ಹಾಕಿಸಿದರು. ಮೇರಿ ಅಲ್ಲಿ ಬೇರೆ ಮನೆಯವರಿಗೂ ಹಾಕಿಸಿಕೊಳ್ಳಿ ಅಂತ ದುಂಬಾಲು ಬಿದ್ದಳು. ಆಗ ಬೊಂಬಾಯಿಯವರು ಲಸಿಕೆ ಬೇಕು ಅಂತ ಕಾಯ್ತಿದ್ದರು. ಹಡಗಿನಲ್ಲಿ ಆಫ್ರಿಕಾ ಸುತ್ತಿ ಬರೋಷ್ಟರಲ್ಲಿ ಒಣಗಿ ಕೆಟ್ಟು ಹೋಗ್ತಿತ್ತು. ಎಲ್ಗಿನ್ ಕಡೆಯಿಂದ ಬಾಗ್ದಾದ್, ಅಲ್ಲಿಂದ ಬಸ್ರಾ, ಬಸ್ರಾದಿಂದ ಹಡಗು. ಡಿ ಕಾರೋ ಲಸಿಕೆಯಲ್ಲಿ ನೆನೆಸಿದ ಬಟ್ಟೆಯ ಎಳೆಯನ್ನು ಎರಡು ಗಾಜಿನ ಬಿಲ್ಲೆಯ ನಡುವೆ ಇಟ್ಟು, ಸುತ್ತ ಮೇಣ ಮೆತ್ತಿ ಕಳಿಸಿದ್ದ. ಬಾಗ್ದಾದಿನಲ್ಲಿ ಒಡೆದಾಗ ಇನ್ನೂ ಹಸಿಯಾಗೇ ಇತ್ತಂತೆ. ಅಲ್ಲಿಂದ ಮುಂದೆ ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ, ಹಾಗೇ ಸರಪಳಿ. 1802ರ ಜೂನ್ 14ಕ್ಕೆ ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಅನ್ನುವ ಮೂರು ವರ್ಷದ ಮಗುವಿಗೆ ಹತ್ತಿತು. ಭಾರತದ ಮೊದಲ ಲಸಿಕೆ ಅದು.

ಅಲ್ಲಿಂದ ಮೈಸೂರಿಗೆ. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮದುವೆಯಾಗಿ ಬಂದ ದೇವಾಜಮ್ಮಣ್ಣಿಗೆ ಹನ್ನೆರಡು ವರ್ಷ. ಅವರಿಗೆ ಲಸಿಕೆ ಹಾಕಿದ್ದು ನೋಡಿ ಜನ ಮುಂದೆ ಬಂದರು ಅಂತ ಆ ಕಾಲದ ದಾಖಲೆ ಇದೆ. ಮೂವರು ಹೆಣ್ಣುಮಕ್ಕಳು ನಿಂತ ಒಂದು ತೈಲಚಿತ್ರ ಇದೆಯಲ್ಲ, ಒಬ್ಬರು ಸೆರಗು ಸರಿಸಿ ತೋಳು ತೋರಿಸ್ತಾ ಇರೋದು, ಅದು ಲಸಿಕೆ ಹಾಕಿದ ಜಾಗ ತೋರಿಸುವ ಮೈಸೂರು ರಾಣಿಯರ ಚಿತ್ರ ಅಂತ ಒಬ್ಬ ಇತಿಹಾಸಕಾರ ವಾದ ಮಾಡಿದ್ದಾರೆ. ಆ ಸರಪಳಿಯಲ್ಲಿ ಒಂದು ಕೊಂಡಿ ಎಲ್ಗಿನ್ ಮನೆಯ ತೊಟ್ಟಿಲು.

ಕಾಲು ಕಾಫಿ

ಡಾಕ್ಟ್ರೇ ಇದು ನನಗೆ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಜೆನ್ನರ್ ಅಂತ ಓದಿಸಿ ಮುಗಿಸಿಬಿಟ್ಟರು. ಸರಿ, ಈ ಮೇರಿ ಏನಾದಳು?

ಹಳೇಪೇಟೆ ಹುಡುಗ

ಕೇಳಿ. ತುರ್ಕಿಯಲ್ಲಿ ಇದ್ದಾಗಲೇ ಎಲ್ಗಿನ್‌ಗೆ ಒಂದು ಕಾಯಿಲೆ ಬಂದು ಮೂಗಿನ ಬಹುಭಾಗ ಹೋಯಿತು. ಲಂಡನ್ನಿನ ಬಾಯಿಗಳು ಸುಮ್ಮನಿರುತ್ತವಾ? ಏನೇನೋ ಅಂದರು. ಗ್ರೀಕ್ ವಿಗ್ರಹಗಳ ಮೂಗು ಮುರಿದದ್ದಕ್ಕೆ ಇವನ ಮೂಗಿಗೆ ಹೋಲಿಸಿ ಗೇಲಿ ಬೇರೆ.

1803ರಲ್ಲಿ ಊರಿಗೆ ಹೊರಟರು. ನೆಲದ ದಾರಿಯಲ್ಲಿ ಪ್ಯಾರಿಸ್ ತಲುಪುವ ಹೊತ್ತಿಗೆ ಫ್ರಾನ್ಸ್ ಬ್ರಿಟನ್ ಯುದ್ಧ ಮತ್ತೆ ಹೊತ್ತಿಕೊಂಡಿತ್ತು. ಫ್ರಾನ್ಸಿನಲ್ಲಿ ಇರುವ ಬ್ರಿಟಿಷ್ ಗಂಡಸರನ್ನೆಲ್ಲ ಹಿಡಿದಿಡಿ ಅಂತ ನೆಪೋಲಿಯನ್ ಆಜ್ಞೆ. ಮೂರು ವರ್ಷ ಸಿಕ್ಕಿಬಿದ್ದ. ಕೆಲಕಾಲ ಲೂರ್ದ್ ಕೋಟೆಯಲ್ಲಿ ನಿಜವಾದ ಜೈಲುವಾಸ. ಮೇರಿ ಪ್ಯಾರಿಸ್ಸಿನಲ್ಲಿ ಇದ್ದುಕೊಂಡು ಬಿಡಿಸೋಕೆ ಕಂಡಕಂಡವರ ಬಾಗಿಲು ಬಡಿದಳು. ಎರಡನೇ ಮಗ ವಿಲಿಯಂ ಅಲ್ಲೇ ಹುಟ್ಟಿ ಅಲ್ಲೇ 1805ರಲ್ಲಿ ತೀರಿಕೊಂಡ. ಮಗುವಿನ ಶವವನ್ನು ಸ್ಕಾಟ್ಲೆಂಡಿಗೆ ಒಯ್ದು ಮಣ್ಣು ಮಾಡಬೇಕಾಯಿತು. ಆ ಹೊತ್ತಲ್ಲಿ ಜೊತೆಗೆ ನಿಂತವನು ರಾಬರ್ಟ್ ಫರ್ಗುಸನ್, ಅವನೂ ಫೈಫ್ ಕಡೆಯ ಜಮೀನ್ದಾರ, ಅವನೂ ಅಲ್ಲಿ ಸೆರೆ ಸಿಕ್ಕವನು.

1806ರ ಜನವರಿಯಲ್ಲಿ ಕೊನೆಯ ಮಗಳು ಲೂಸಿ ಹುಟ್ಟಿದಳು. ಇನ್ನು ನನ್ನ ಕೈಲಿ ಮಕ್ಕಳು ಹೆರೋಕೆ ಆಗಲ್ಲ ಅಂದುಬಿಟ್ಟಳು ಮೇರಿ. ಎಲ್ಗಿನ್‌ಗೆ ಇನ್ನೂ ಗಂಡು ಮಗು ಬೇಕಿತ್ತು, ಯಾಕಂದರೆ ಜಾರ್ಜ್‌ಗೆ ಮೂರ್ಛೆ ರೋಗ. ಅದೇ ವರ್ಷ ಎಲ್ಗಿನ್ ಬಿಡುಗಡೆ ಆಗಿ ಊರಿಗೆ ಬಂದ, ನೆಪೋಲಿಯನ್ ಕರೆದರೆ ಮತ್ತೆ ಬಂದು ಸೆರೆಗೆ ಕೂರುತ್ತೇನೆ ಅಂತ ಮಾತು ಕೊಟ್ಟು. ಆ ಮಾತಿನಿಂದ 1814ರವರೆಗೆ ಯಾವ ರಾಯಭಾರಿ ಹುದ್ದೆಯೂ ಸಿಗದ ಹಾಗಾಯಿತು. ಬಂದ ಮೇಲೆ ಫರ್ಗುಸನ್ ಬರೆದ ಪತ್ರಗಳು ಕೈಗೆ ಸಿಕ್ಕವು.

ವಕೀಲೆ, ಶಿರಸಿ

ಇಲ್ಲಿಂದ ನಾನು ಹೇಳ್ತೀನಿ. ಎಲ್ಗಿನ್ ಎರಡು ಕಡೆ ಕೇಸು ಹಾಕಿದ. ಮೊದಲನೆಯದು ಲಂಡನ್ನಿನಲ್ಲಿ, ಹೆಂಡತಿ ಮೇಲಲ್ಲ, ಫರ್ಗುಸನ್ ಮೇಲೆ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನಿಂದ ಗಂಡ ನಷ್ಟ ಪರಿಹಾರ ಕೇಳಬಹುದಿತ್ತು. ಬೇರೆಯವರ ದನ ನಿಮ್ಮ ಗದ್ದೆ ಮೇಯ್ದರೆ ದಂಡ ಕೇಳ್ತೀರಲ್ಲ, ಆ ಥರ. ಹೆಂಗಸಿಗೆ ಆ ಕೇಸಿನಲ್ಲಿ ಮಾತಾಡೋ ಅವಕಾಶವೇ ಇಲ್ಲ. ಆಳುಕಾಳುಗಳು ಬಂದು ಸೋಫಾ, ಬಾಗಿಲು, ಬೀಗ ಅಂತ ಸಾಕ್ಷಿ ಹೇಳಿದರು, ಪ್ರೇಮಪತ್ರಗಳನ್ನು ಗಟ್ಟಿಯಾಗಿ ಓದಿದರು, ಪತ್ರಿಕೆಗಳಿಗೆ ಹಬ್ಬ. 1807ರ ಡಿಸೆಂಬರ್‌ನಲ್ಲಿ 10,000 ಪೌಂಡ್ ಕೊಡಿಸಿದರು. ಆ ಕಾಲಕ್ಕೆ ಭಾರಿ ದುಡ್ಡು.

ಎರಡನೆಯದು ಎಡಿನ್‌ಬರೋದಲ್ಲಿ ವಿಚ್ಛೇದನಕ್ಕೆ. ಸ್ಕಾಟ್ಲೆಂಡಿನಲ್ಲಿ 16ನೇ ಶತಮಾನದಿಂದಲೇ ಕೋರ್ಟಿನಲ್ಲಿ ವಿಚ್ಛೇದನ ಸಿಗುತ್ತಿತ್ತು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟಿನಿಂದ ಪ್ರತ್ಯೇಕ ಕಾಯ್ದೆಯೇ ಆಗಬೇಕಿತ್ತು. 1808ರಲ್ಲಿ ಎಲ್ಲ ಮುಗಿಯಿತು. ಮಕ್ಕಳು? ನಾಲ್ಕೂ ಅಪ್ಪನಿಗೆ. ಲೂಸಿಗೆ ಆಗ ಎರಡು ವರ್ಷ. ಅದರ ಮೇಲೆ ಯಾವ ವಾದವೂ ಇರಲಿಲ್ಲ, ಮಕ್ಕಳು ಅಂದರೆ ಅಪ್ಪನ ಸೊತ್ತು. ಇಂಗ್ಲೆಂಡಿನಲ್ಲಿ ತಾಯಿ ಪುಟ್ಟ ಮಕ್ಕಳಿಗಾಗಿ ಕೋರ್ಟಿಗೆ ಅರ್ಜಿ ಹಾಕಬಹುದು ಅನ್ನೋ ಕಾನೂನು ಬಂದದ್ದೇ 1839ರಲ್ಲಿ.

ಯಾರ ದುಡ್ಡಿನಲ್ಲಿ ಆ ಪೆಟ್ಟಿಗೆಗಳು ಬಂದವೋ ಅವಳಿಗೆ ಮಕ್ಕಳ ಮುಖ ಇಲ್ಲ. ನನಗೆ ಪಾರ್ಥೆನಾನ್‌ಗಿಂತ ಈ ಅನ್ಯಾಯ ದೊಡ್ಡದು, ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ನಿವೃತ್ತ ಮೇಷ್ಟ್ರು

ಬೇಜಾರು ಯಾಕಮ್ಮ. ಎರಡೂ ಅನ್ಯಾಯವೇ. ಮೇರಿ 1808ರಲ್ಲೇ ಫರ್ಗುಸನ್‌ನನ್ನು ಮದುವೆಯಾದಳು, 1855ರವರೆಗೆ ಬದುಕಿದಳು. ಅಷ್ಟರ ಮಟ್ಟಿಗೆ ಸಮಾಧಾನ.

ಆದರೆ ಅವಳೂ ಆ ಪೆಟ್ಟಿಗೆ ಸಾಗಿಸಿದ ಪಾಲುದಾರಳೇ ಅನ್ನೋದನ್ನು ಮರೀಬೇಡಿ.

ಹಳೇಪೇಟೆ ಹುಡುಗ

ಈಗ ಸಾಲಕ್ಕೆ ಬರೋಣ. ಎಲ್ಗಿನ್ ಲೆಕ್ಕ ಕೊಟ್ಟ ಪ್ರಕಾರ ಬಡ್ಡಿ ಸೇರಿ ಶಿಲ್ಪಗಳಿಗೆ ಆದ ಖರ್ಚು 74,000 ಪೌಂಡ್‌ಗೂ ಜಾಸ್ತಿ. ಮಾವನ ಮನೆಯ ಆಸರೆ ಹೋಯಿತು. ಶಿಲ್ಪಗಳು ಲಂಡನ್ನಿನ ಪಾರ್ಕ್ ಲೇನ್‌ನ ಒಂದು ಶೆಡ್ಡಿನಲ್ಲಿ, ಆಮೇಲೆ ಬರ್ಲಿಂಗ್‌ಟನ್ ಹೌಸ್ ಅಂಗಳದಲ್ಲಿ ಬಿದ್ದಿದ್ದವು. 1811ರಲ್ಲಿ ಸರ್ಕಾರ 30,000 ಕೊಡ್ತೀವಿ ಅಂತು, ಬೇಡ ಅಂದ. ಅತ್ತ ಕವಿ ಬೈರನ್ ಪದ್ಯದ ಮೇಲೆ ಪದ್ಯ ಬರೆದು ಉಗಿಯುತ್ತಿದ್ದಾನೆ. (ಬೈರನ್‌ನ ತಾಯಿಯೂ ಸ್ಕಾಟ್ಲೆಂಡಿನವಳೇ, ಆದರೂ ಇಡೀ ಸ್ಕಾಟ್ಲೆಂಡಿಗೇ ಬೈದ.) ಕೊನೆಗೆ 1816ರಲ್ಲಿ ಪಾರ್ಲಿಮೆಂಟ್ ಸಮಿತಿ ಕೂತು 35,000 ಅಂತ ಬೆಲೆ ಕಟ್ಟಿತು. 82 ಮಂದಿ ಪರ, 30 ಮಂದಿ ವಿರುದ್ಧ. ಖರ್ಚಿನ ಅರ್ಧದಷ್ಟೂ ಬರಲಿಲ್ಲ. ಬಂದದ್ದರಲ್ಲಿ ಹೆಚ್ಚಿನದನ್ನು ಸಾಲ ಕೊಟ್ಟವರು ಎತ್ತಿಕೊಂಡರು. ಬ್ರೂಮ್‌ಹಾಲ್ ಗೋಡೆಗೆ ಅಂತ ಶುರುವಾದದ್ದು ಬ್ರಿಟಿಷ್ ಮ್ಯೂಸಿಯಂ ಸೇರಿತು.

ನಡುವೆ 1810ರಲ್ಲಿ ಎರಡನೇ ಮದುವೆ, ಎಲಿಜಬೆತ್ ಆಸ್ವಾಲ್ಡ್ ಜೊತೆ. ಇವಳು ಡನಿಕಿಯರ್ ಕಡೆಯವಳು. ಮತ್ತೆ ತುಂಬಿದ ಮನೆ. ಹಿರಿಯ ಮಗ ಜೇಮ್ಸ್ ಹುಟ್ಟಿದ್ದು 1811ರ ಜುಲೈ 20, ಅಪ್ಪನ ಹುಟ್ಟುಹಬ್ಬದ ದಿನವೇ. ಸ್ಕಾಟ್ಲೆಂಡಿನಲ್ಲಿ ಸಾಲ ಕೊಟ್ಟವರ ಕಾಟ, ಜೀವನ ದುಬಾರಿ. ಅದಕ್ಕೇ ಸಂಸಾರವನ್ನು ಪ್ಯಾರಿಸ್ಸಿಗೆ ಸಾಗಿಸಿದ. ಒಂದು ಕಾಲಕ್ಕೆ ಯಾವ ದೇಶದಲ್ಲಿ ಸೆರೆಯಲ್ಲಿದ್ದನೋ ಅದೇ ದೇಶ, ಅಗ್ಗ ಅನ್ನೋ ಕಾರಣಕ್ಕೆ! ಅಲ್ಲೇ 1841ರ ನವೆಂಬರ್‌ನಲ್ಲಿ ಸತ್ತ. ಜಾರ್ಜ್ ಮದುವೆಯಾಗದೆ 1840ರಲ್ಲೇ ಹೋಗಿದ್ದ. ಹಾಗಾಗಿ ಪದವಿ ಮತ್ತು ಸಾಲ ಎರಡೂ ಜೇಮ್ಸ್ ತಲೆಗೆ.

ಗಿರಿಧಾಮ ಪ್ರಿಯ

ಜೇಮ್ಸ್ ಬಗ್ಗೆ ನನಗೆ ಗೊತ್ತು, ಧರ್ಮಶಾಲಾಕ್ಕೆ ಹೋದಾಗ ಸಮಾಧಿ ನೋಡಿ ಬಂದು ಒಂದಷ್ಟು ಓದಿದ್ದೆ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಡಾಲ್‌ಹೌಸಿ, ಕ್ಯಾನಿಂಗ್, ಎಲ್ಗಿನ್ ಮೂವರೂ ಒಂದೇ ಕಾಲದವರು. ಮುಂದೆ ಅದೇ ಸಾಲಿನಲ್ಲಿ ಮೂವರೂ ಒಬ್ಬರ ಹಿಂದೆ ಒಬ್ಬರು ಭಾರತ ಆಳೋಕೆ ಬಂದರು. ಒಂದೇ ಕಾಲೇಜಿನ ಸ್ನೇಹಿತರ ಗುಂಪು ನಮ್ಮ ದೇಶವನ್ನು ಕೈಯಿಂದ ಕೈಗೆ ದಾಟಿಸಿತು ನೋಡಿ.

ಇವನಿಗೆ ಸಮುದ್ರ ಆಗಿಬರುತ್ತಿರಲಿಲ್ಲ. 1842ರಲ್ಲಿ ಜಮೈಕಾದ ಗವರ್ನರ್ ಆಗಿ ಹೊರಟಾಗ ಬಸುರಿ ಹೆಂಡತಿ ಜೊತೆಯಲ್ಲೇ ಹಡಗು ಅಪಘಾತ. ಮಗಳು ಎಲ್ಮಾ ಹುಟ್ಟಿದಳು, ಆದರೆ ತಾಯಿ ಚೇತರಿಸಿಕೊಳ್ಳದೆ 1843ರಲ್ಲಿ ಜಮೈಕಾದಲ್ಲೇ ತೀರಿಕೊಂಡಳು. 1860ರಲ್ಲಿ ಚೀನಾಕ್ಕೆ ಹೋಗುವಾಗ ಶ್ರೀಲಂಕಾದ ಗಾಲ್ ಬಂದರಿನಲ್ಲಿ ಮತ್ತೆ ಹಡಗು ಮುಳುಗಿತು. ಆಗಲೂ ಬದುಕಿದ.

ಕೆನಡಾದಲ್ಲಿ ಮಾತ್ರ ಒಳ್ಳೆ ಹೆಸರು. ದಂಗೆಯಲ್ಲಿ ನಷ್ಟವಾದವರಿಗೆ ಪರಿಹಾರ ಕೊಡೋಕೆ ಅಲ್ಲಿನ ಚುನಾಯಿತರು ಪಾಸು ಮಾಡಿದ ಮಸೂದೆಗೆ 1849ರ ಏಪ್ರಿಲ್ 25ರಂದು ಸಹಿ ಹಾಕಿದ. ತನಗೆ ಇಷ್ಟವೋ ಇಲ್ಲವೋ, ಚುನಾಯಿತ ಸರ್ಕಾರ ಹೇಳಿದ್ದಕ್ಕೆ ಗವರ್ನರ್ ಸಹಿ ಹಾಕಬೇಕು ಅನ್ನೋದು ಅಲ್ಲಿ ಗಟ್ಟಿಯಾದದ್ದು ಅವತ್ತು. ಮಾಂಟ್ರಿಯಲ್ಲಿನ ಇಂಗ್ಲಿಷ್ ಮಂದಿ ರೊಚ್ಚಿಗೆದ್ದು ಅವನ ಗಾಡಿಗೆ ಕೊಳೆತ ಮೊಟ್ಟೆ, ಕಲ್ಲು ಎಸೆದರು. ರಾತ್ರಿ ಪಾರ್ಲಿಮೆಂಟ್ ಕಟ್ಟಡಕ್ಕೇ ಬೆಂಕಿ ಇಟ್ಟರು. ಮೂರೇ ವಾರಕ್ಕೆ, ಮೇ 16ಕ್ಕೆ, ಅವನ ಎರಡನೇ ಹೆಂಡತಿ ಮೇರಿ ಲೂಯಿಸಾ ಅದೇ ಊರಿನ ಹೊರಗೆ ಮಗ ವಿಕ್ಟರ್‌ನನ್ನು ಹೆತ್ತಳು. ಟಾಕೀಸಿನ ಎಲ್ಗಿನ್ ಇವನೇ.

ನಿವೃತ್ತ ಮೇಷ್ಟ್ರು

ಕೆನಡಾದಲ್ಲಿ ಕಲ್ಲೇಟು ತಿಂದೂ ಸೈನ್ಯ ಕರೆಸದ ಮನುಷ್ಯ ಚೀನಾದಲ್ಲಿ ಏನು ಮಾಡಿದ? ಬೀಜಿಂಗಿನ ಬೇಸಿಗೆ ಅರಮನೆ, ಯುವಾನ್‌ಮಿಂಗ್‌ಯುವಾನ್, 1860ರ ಅಕ್ಟೋಬರ್ 18ರಂದು ಸುಡಿಸಿದ. ಸಂಧಾನಕ್ಕೆ ಹೋದವರನ್ನು ಚೀನೀಯರು ಹಿಡಿದು ಹಿಂಸಿಸಿದರು, ಸುಮಾರು 20 ಮಂದಿ ಸತ್ತರು, ನಿಜ. ಸತ್ತವರಲ್ಲಿ ಅವನ ಜೊತೆ ಪ್ರಯಾಣ ಮಾಡಿದ ಪತ್ರಕರ್ತ ಬೌಲ್ಬಿಯೂ ಇದ್ದ. ಅದಕ್ಕೆ ಶಿಕ್ಷೆ ಅಂತ ಇಡೀ ಅರಮನೆ, ತೋಟ, ಗುಡಿ, ಪುಸ್ತಕ ಸುಡಿಸೋದಾ? ಜೊತೆಗಿದ್ದ ಫ್ರೆಂಚರು ಲೂಟಿಯಲ್ಲಿ ಮುಂದಿದ್ದರು, ಸುಡೋದಕ್ಕೆ ಮಾತ್ರ ನಾವು ಬರಲ್ಲ ಅಂದರು. ಅಲ್ಲಿ ಸಿಕ್ಕ ಒಂದು ಪುಟ್ಟ ಪೆಕಿನೀಸ್ ನಾಯಿಯನ್ನು ತಂದು ವಿಕ್ಟೋರಿಯಾ ರಾಣಿಗೆ ಕೊಟ್ಟರು. ಅದಕ್ಕೆ ಇಟ್ಟ ಹೆಸರು ‘ಲೂಟಿ’! ನಾಚಿಕೆಯೂ ಇಲ್ಲ.

ಅಪ್ಪ ಒಂದು ನಾಗರಿಕತೆಯ ಗುಡಿ ಬಿಚ್ಚಿದ, ಮಗ ಇನ್ನೊಂದರ ಅರಮನೆ ಸುಟ್ಟ. ಇದನ್ನೆಲ್ಲ ಸಾಲದ ಖಾತೆಗೆ ಬರೆಯೋಕೆ ಆಗಲ್ಲ ಹಳೇಪೇಟೆಯವರೇ.

ಹಳೇಪೇಟೆ ಹುಡುಗ

ಬರೆಯಲ್ಲ ಮೇಷ್ಟ್ರೇ. ಸುಟ್ಟದ್ದು ಅವನ ತೀರ್ಮಾನ, ಅದರ ಹೊಣೆ ಅವನದೇ. ಆದರೆ ಅವನು ಅಲ್ಲಿಗೆ ಹೋದದ್ದು ಯಾಕೆ? ಐವತ್ತರ ಹತ್ತಿರ ಬಂದ ಮನುಷ್ಯ, ಹೆಂಡತಿ ಮಕ್ಕಳನ್ನು ಬಿಟ್ಟು, ಎರಡೆರಡು ಸಲ ಚೀನಾ ಯಾಕೆ? ಜಮೀನಿನ ಆದಾಯ ಬಡ್ಡಿಗೇ ಹೋಗುತ್ತಿತ್ತು. ಸರ್ಕಾರಿ ಸಂಬಳ ಇಲ್ಲದೆ ಮನೆ ನಡೆಯುತ್ತಿರಲಿಲ್ಲ. ತಮ್ಮಂದಿರೂ ಅಷ್ಟೇ. ಫ್ರೆಡರಿಕ್ ಬೀಜಿಂಗಿನಲ್ಲಿ, ಆಮೇಲೆ ವಾಷಿಂಗ್ಟನ್ನಿನಲ್ಲಿ ರಾಯಭಾರಿ, 1867ರಲ್ಲಿ ಬಾಸ್ಟನ್‌ನಲ್ಲಿ ಸತ್ತ. ರಾಬರ್ಟ್ ಯುವರಾಜನ ಪಾಲಕ, 1862ರಲ್ಲಿ ಪೂರ್ವ ದೇಶಗಳ ಪ್ರವಾಸದಿಂದ ಜ್ವರ ಹಿಡಿಸಿಕೊಂಡು ಬಂದು ಸತ್ತ. ತಂಗಿ ಅಗಸ್ಟಾ ಅರಮನೆಯ ಊಳಿಗದಲ್ಲಿ, ರಾಣಿಗೆ ತುಂಬಾ ಬೇಕಾದವಳು. ಇಡೀ ಸಂಸಾರ ರಾಣಿಯ ಸಂಬಳದಲ್ಲಿ.

1857ರಲ್ಲಿ ನಮ್ಮ ದಂಗೆ ಎದ್ದಾಗ ಇವನು ಚೀನಾದ ದಾರಿಯಲ್ಲಿ ಸಿಂಗಾಪುರದಲ್ಲಿದ್ದ. ಹಳೇ ಗೆಳೆಯ ಕ್ಯಾನಿಂಗ್ ಕೇಳಿದ ತಕ್ಷಣ ತನ್ನ ಸೈನ್ಯವನ್ನು ಕಲ್ಕತ್ತಾಕ್ಕೆ ತಿರುಗಿಸಿದ. 1862ರಲ್ಲಿ ಕ್ಯಾನಿಂಗ್ ಜಾಗಕ್ಕೆ ತಾನೇ ವೈಸರಾಯ್ ಆಗಿ ಬಂದ. ಎರಡು ವರ್ಷವೂ ಇರಲಿಲ್ಲ.

ಗಿರಿಧಾಮ ಪ್ರಿಯ

1863ರ ಸೆಪ್ಟೆಂಬರ್ ಕೊನೆಯಲ್ಲಿ ಶಿಮ್ಲಾದಿಂದ ಬೆಟ್ಟದ ದಾರಿ ಹಿಡಿದು ಹೊರಟ. ರೋಹ್ತಾಂಗ್ ದಾಟಿ ಚಂದ್ರಾ ನದಿ. ಅಲ್ಲಿ ಸೇತುವೆ ಅಂದರೆ ಬರ್ಚ್ ಮರದ ಕಡ್ಡಿ ಹೊಸೆದು ಕಟ್ಟಿದ ತೂಗು ಜೂಲಾ. ಹಳೆಯದಾಗಿ ಸಡಿಲ ಬಿದ್ದಿತ್ತು. ಅತ್ತ ಇತ್ತ ಓಲಾಡುವ ಅದನ್ನು ಹಿಡಿದುಕೊಂಡು ದಾಟೋ ಹೊತ್ತಿಗೆ ಹೃದಯಾಘಾತ ಆಯಿತು. ಧರ್ಮಶಾಲಾಕ್ಕೆ ಹೊತ್ತು ತಂದರು. ನವೆಂಬರ್ 20ಕ್ಕೆ ತೀರಿಕೊಂಡ. ಹೆಂಡತಿ ಜೊತೆಯಲ್ಲಿದ್ದಳು. ಸೇಂಟ್ ಜಾನ್ ಇನ್ ದ ವಿಲ್ಡರ್‌ನೆಸ್ ಚರ್ಚಿನ ಅಂಗಳದಲ್ಲಿ ಸಮಾಧಿ. ಮ್ಯಾಕ್‌ಲಿಯೋಡ್‌ಗಂಜ್‌ಗೆ ಹೋಗೋ ದಾರಿಯಲ್ಲೇ ಸಿಗುತ್ತೆ, ಸುತ್ತ ದೇವದಾರು. 1905ರ ಕಾಂಗ್ರಾ ಭೂಕಂಪದಲ್ಲಿ ಗಂಟೆಗೋಪುರ ಬಿತ್ತು, ಚರ್ಚು ಉಳಿಯಿತು.

ಕಾಲು ಕಾಫಿ

ಟಾಕೀಸಿನವನು ಉಳಿದ. ಬೇಗ ಹೇಳಿ, ಆಫೀಸಿಗೆ ಹೊರಡಬೇಕು.

ಹಳೇಪೇಟೆ ಹುಡುಗ

ವಿಕ್ಟರ್ ಸಂಕೋಚದ ಮನುಷ್ಯ. 14ಕ್ಕೆ ಅಪ್ಪನನ್ನು ಕಳಕೊಂಡ. ಜಮೀನು ನೋಡಿಕೊಂಡು ಫೈಫ್‌ನಲ್ಲೇ ಇದ್ದವನು. ಹೆಂಡತಿ ಕಾನ್‌ಸ್ಟನ್ಸ್, 11 ಮಕ್ಕಳು. 1894ರಲ್ಲಿ ವೈಸರಾಯ್ ಆಗಿ ಬಂದ, 1899ರವರೆಗೆ ಇದ್ದ. ಅವನ ಕಾಲದ ಮೊದಲ ವರ್ಷವೇ, 1894ರ ಡಿಸೆಂಬರ್ 28ಕ್ಕೆ, ನಮ್ಮ ಚಾಮರಾಜೇಂದ್ರ ಒಡೆಯರು ಕಲ್ಕತ್ತಾದಲ್ಲಿ ಗಂಟಲಮಾರಿಯಿಂದ ತೀರಿಕೊಂಡದ್ದು. ಹತ್ತು ವರ್ಷದ ನಾಲ್ವಡಿಯವರು ಪಟ್ಟಕ್ಕೆ, ವಾಣಿವಿಲಾಸ ಸನ್ನಿಧಾನದವರು ರೀಜೆಂಟ್.

ಆಮೇಲೆ 1896ರಲ್ಲಿ ಬೊಂಬಾಯಿಗೆ ಪ್ಲೇಗು, ಅದರ ಬೆನ್ನಿಗೆ ಬರ. 1897ರಲ್ಲಿ ತಿಲಕರ ಮೇಲೆ ರಾಜದ್ರೋಹದ ಕೇಸು. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು, ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹೋಗಿ ಸೇರಿದ್ದು ಆ ಭಯದಲ್ಲೇ.

ಲಸಿಕೆ ಡಾಕ್ಟ್ರು

1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಇವನ ಕಾಲದ್ದು. ಮನೆಗೆ ನುಗ್ಗಿ ಹುಡುಕುವ, ಜನರನ್ನು ತಡೆದು ನಿಲ್ಲಿಸುವ ಕಾಯ್ದೆ ಅಂತ ಆಗ ಜನ ಶಾಪ ಹಾಕಿದ್ದರು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮ ಹೊರಡಿಸಿದ್ದು ಅದೇ ಕಾಯ್ದೆ ಹಿಡಿದು. ಆಮೇಲೆ ಅದೇ ವರ್ಷ ನಮ್ಮದೇ ರಾಜ್ಯದ ಕಾಯ್ದೆ ಬಂತು. ಅಜ್ಜನ ಮನೆಯಿಂದ ಲಸಿಕೆ, ಮೊಮ್ಮಗನ ಕಾಲದಿಂದ ಲಾಕ್‌ಡೌನ್ ಕಾನೂನು!

ವಕೀಲೆ, ಶಿರಸಿ

ಒಂದು ಪ್ರಶ್ನೆ ಉಳಿದಿದೆ. ಮೇರಿ ನಿಸ್ಬೆಟ್ ಆಸ್ತಿ ಕೊನೆಗೆ ಎಲ್ಗಿನ್‌ಗಳಿಗೆ ಸಿಕ್ಕಿತಾ? ಜಾರ್ಜ್ ಬದುಕಿದ್ದರೆ ಸಿಗುತ್ತಿತ್ತು ಅಲ್ವಾ?

ಎಡಿನ್‌ಬರೋ ಕನ್ನಡತಿ

ಇಲ್ಲ ಮೇಡಂ. ಜಾರ್ಜ್ ತಾಯಿಗಿಂತ ಮುಂಚೆ ಹೋದನಲ್ಲ. ಆಸ್ತಿ ಹೋದದ್ದು ಹಿರಿಯ ಮಗಳಿಗೆ, ಅವಳ ಹೆಸರೂ ಮೇರಿ. ಅವಳ ಗಂಡ ರಾಬರ್ಟ್ ಡಂಡಾಸ್ ಆಸ್ತಿಗೋಸ್ಕರ ತನ್ನ ಹೆಸರನ್ನೇ ನಿಸ್ಬೆಟ್ ಹ್ಯಾಮಿಲ್ಟನ್ ಅಂತ ಬದಲಾಯಿಸಿಕೊಂಡ. ಅವರ ಮಗಳು ಕಾನ್‌ಸ್ಟನ್ಸ್‌ಗೆ ಅಲ್ಲಿಂದ ಮುಂದೆ. ತವರಿನ ಜಮೀನು ಅಮ್ಮನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಯಿತು, ಬ್ರೂಮ್‌ಹಾಲ್ ಕಡೆ ತಿರುಗಲಿಲ್ಲ.

ವಕೀಲೆ, ಶಿರಸಿ

ಒಳ್ಳೇದಾಯ್ತು.